ಲ್ಯಾಪ್‌ಟಾಪಿಗೆ ವೈಫೈ ಸಿಗದಿದ್ದರೆ?

ಗ್ಯಾಸಿನ ಒಲೆ ಹೊತ್ತಿಕೊಳ್ಳದಿದ್ದರೆ ನಾವು ಮೊದಲು ಏನು ನೋಡುತ್ತೇವೆ? ಸಿಲಿಂಡರಿನಲ್ಲಿ ಗ್ಯಾಸ್ ಇದೆಯೇ, ರೆಗ್ಯುಲೇಟರ್ ತಿರುವಿದ್ದೇವೆಯೇ, ಬರ್ನರಿನ ತೂತು ಕಟ್ಟಿಕೊಂಡಿದೆಯೇ ಎಂದು. ಒಲೆಯನ್ನೇ ಹೊತ್ತುಕೊಂಡು ಅಂಗಡಿಗೆ ಓಡುವುದಿಲ್ಲ. ಆದರೆ ಸೋದರಿಯರೇ, ಲ್ಯಾಪ್‌ಟಾಪಿನ ವಿಷಯದಲ್ಲಿ ನಾನು ಮಾಡಿದ್ದು ಅದನ್ನೇ!

2009-10ರಲ್ಲಿ ನಮ್ಮ ಯಾದಗಿರಿ ಬೇರೆ ಜಿಲ್ಲೆಯಾಗುವ ಮುನ್ನ ಜಿಲ್ಲಾ ಕಚೇರಿಯ ಕೆಲಸಕ್ಕೆ ಗುಲಬರ್ಗಾದ ಬಸ್ಸು ಹತ್ತಬೇಕಿತ್ತು. ಈಗ ಎಷ್ಟೋ ಅರ್ಜಿಗಳನ್ನು ಮನೆಯಲ್ಲೇ ಕೂತು ಹಾಕಬಹುದು. ಆದರೆ ಸರಿಯಾಗಿ ಅದೇ ಹೊತ್ತಿಗೆ ಲ್ಯಾಪ್‌ಟಾಪ್ ಮುನಿಸಿಕೊಂಡರೆ?

ಶಹಾಪುರದ ನಮ್ಮ ಮನೆಯಲ್ಲಿ ಆದದ್ದು ಅದೇ. ಮಗಳ ವಿದ್ಯಾರ್ಥಿವೇತನದ ಅರ್ಜಿಗೆ ಎರಡೇ ದಿನ ಉಳಿದಿತ್ತು. "ಅವ್ವಾ, ವೈಫೈ ಹತ್ತವಲ್ದು" ಎಂದು ಅಳುಮೋರೆ ಮಾಡಿದಳು. ನನಗೂ ಕೈಕಾಲು ಆಡಲಿಲ್ಲ. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು, ಭೀಮಾ ನದಿ ದಾಟಿ ಯಾದಗಿರಿಯ ಒಂದು ಅಂಗಡಿಗೆ ಹೋದೆ. "ಒಳಗಿನ ಕಾರ್ಡ್ ಹೋಗ್ಯದ್ರಿ. ಎರಡು ಸಾವಿರ ಆಗ್ತದ, ನಾಕು ದಿನ ಬಿಟ್ಟು ಬರ್ರಿ" ಎಂದರು. ನಾಲ್ಕು ದಿನ ಬಿಟ್ಟರೆ ಅರ್ಜಿಯ ಗತಿ? ಹಾಗೇ ವಾಪಸು ತಂದೆ.

ಸಂಜೆ ಸುರಪುರದಲ್ಲಿರುವ ತಂಗಿಯ ಮಗನಿಗೆ ಫೋನ್ ಮಾಡಿದೆ. "ದೊಡ್ಡವ್ವಾ, ಮ್ಯಾಲಿನ ಸಾಲಿನ್ಯಾಗ ವಿಮಾನದ ಚಿತ್ರ ಇರೋ ಕೀ ಅದ ಏನು ನೋಡು. ಅದನ್ನೊಮ್ಮೆ ಒತ್ತು" ಎಂದ. ಒತ್ತಿದೆ. ವೈಫೈ ಬಂದೇ ಬಿಟ್ಟಿತು! ತೆರೆದಿಟ್ಟ ಲ್ಯಾಪ್‌ಟಾಪಿನ ಧೂಳು ಒರೆಸುವಾಗ ನನ್ನ ಕೈಯೇ ಆ ಕೀ ಮೇಲೆ ಬಿದ್ದಿತ್ತು. ಅರ್ಜಿ ಅಂದೇ ರಾತ್ರಿ ಹೋಯಿತು. ಆ ಹುಡುಗ ಅಂದು ಮತ್ತು ಆಮೇಲೆ ಕಲಿಸಿಕೊಟ್ಟದ್ದನ್ನು ನಿಮಗೂ ಕ್ರಮವಾಗಿ ಹೇಳುತ್ತೇನೆ.

ದೋಷ ಯಾವ ಕಡೆ?

ಮೊದಲು ಇದನ್ನು ತಿಳಿದುಕೊಳ್ಳಿ. ಮನೆಯ ಒಂದು ಫೋನಿನಲ್ಲಿ ಮೊಬೈಲ್ ಡೇಟಾ ಬಂದ್ ಮಾಡಿ, ವೈಫೈ ಮಾತ್ರ ಇಟ್ಟು ನೋಡಿ. ಡೇಟಾ ಬಂದ್ ಮಾಡದಿದ್ದರೆ ಫೋನು ತನ್ನ ಸಿಮ್ಮಿನಿಂದ ನಡೆದು ನಮ್ಮನ್ನು ಮೋಸಗೊಳಿಸುತ್ತದೆ! ಫೋನಿಗೂ ಬಾರದಿದ್ದರೆ ತಪ್ಪು ಲ್ಯಾಪ್‌ಟಾಪಿನದಲ್ಲ, ರೂಟರಿನದು ಅಥವಾ ಹೊರಗಿನ ವಯರಿನದು. ಫೋನಿಗೆ ಬಂದರೆ ಲ್ಯಾಪ್‌ಟಾಪ್ ಕಡೆ ನೋಡಿ.

ರೂಟರ್ ಕಡೆಯಾದರೆ

ಅದರ ಸ್ವಿಚ್ ಆರಿಸಿ, ನಿಧಾನವಾಗಿ ಮೂವತ್ತು ಎಣಿಸಿ, ಮತ್ತೆ ಹಾಕಿ. ಎರಡು ಮೂರು ನಿಮಿಷ ತಾಳ್ಮೆಯಿಂದ ಕಾಯಿರಿ. ಕರೆಂಟ್ ಹೋಗಿ ಬಂದಾಗ ಇಷ್ಟರಿಂದಲೇ ಎಷ್ಟೋ ಸಲ ಸರಿಹೋಗುತ್ತದೆ. ಫೈಬರ್ ಸಂಪರ್ಕವಿದ್ದು, 'ಎಲ್‌ಓಎಸ್' ಎಂದು ಬರೆದಲ್ಲಿ ಕೆಂಪು ದೀಪ ಉರಿಯುತ್ತಿದ್ದರೆ ಹೊರಗಿನಿಂದ ಬೆಳಕು ಬರುತ್ತಿಲ್ಲ ಎಂದರ್ಥ. ಬಿಲ್ಲಿನ ಮೇಲಿರುವ ನಂಬರಿಗೆ ಫೋನ್ ಮಾಡಿ. ಆ ತೆಳು ವಯರಿನೊಳಗೆ ಇರುವುದು ಗಾಜಿನ ಎಳೆ. ಗುಡಿಸುವಾಗ ಎಳೆಯಬೇಡಿ, ಮಡಚಿ ಮೊಳೆಗೆ ಸಿಕ್ಕಿಸಬೇಡಿ.

ರೂಟರಿನ ಹಿಂದೆ ಸಣ್ಣ ತೂತಿನಲ್ಲಿ ರೀಸೆಟ್ ಗುಂಡಿ ಇರುತ್ತದೆ. ಅದಕ್ಕೆ ಪಿನ್ನು ಚುಚ್ಚಲು ಹೋಗಬೇಡಿ. ಕಂಪನಿಯವರು ತುಂಬಿಕೊಟ್ಟ ಹೊಂದಿಕೆಗಳೆಲ್ಲ ಅಳಿಸಿಹೋಗಬಹುದು.

ಲ್ಯಾಪ್‌ಟಾಪ್ ಕಡೆಯಾದರೆ

1. ವಿಮಾನದ ಗುರುತು ಆರಿದೆಯೇ, ವೈಫೈ ಆನ್ ಆಗಿದೆಯೇ ನೋಡಿ. ಕೆಲವದರಲ್ಲಿ ಎಫ್‌ಎನ್ ಕೀ ಜೊತೆಗೆ ಒತ್ತಬೇಕು.

2. ಒಮ್ಮೆ ಆರಿಸಿ ಹಚ್ಚಿ.

3. ಹೆಸರು ಕಂಡರೂ ಕೂಡದಿದ್ದರೆ, ಆ ಹೆಸರಿನ ಮೇಲೆ 'ಫರ್ಗೆಟ್' ಒತ್ತಿ, ಪಾಸ್‌ವರ್ಡ್ ಹೊಸದಾಗಿ ಹಾಕಿ. ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆ ಬೇರೆ ಎಂಬುದು ನೆನಪಿರಲಿ. ಕ್ಯಾಪ್ಸ್ ಲಾಕ್ ಆರಿರಲಿ.

4. ಬಹಳ ದಿನ ಅಲಮಾರಿನಲ್ಲಿ ಇಟ್ಟಿದ್ದ ಲ್ಯಾಪ್‌ಟಾಪಿನಲ್ಲಿ ತಾರೀಖು ತಪ್ಪಿರಬಹುದು. ತಾರೀಖು ತಪ್ಪಿದರೆ ವೈಫೈ ಸಿಕ್ಕರೂ ಪುಟಗಳು ತೆರೆಯುವುದಿಲ್ಲ.

ಕಲ್ಲಿನ ಗೋಡೆಯ ತೊಡಕು

ನಮ್ಮ ಕಡೆ ಹಳೇ ಮನೆಗಳೆಂದರೆ ದಪ್ಪ ಕಲ್ಲಿನ ಗೋಡೆ. ಬ್ಯಾಸಗಿಗೆ ತಂಪು, ವೈಫೈಗೆ ಮಾತ್ರ ಅಡ್ಡಿ. ಪಡಸಾಲೆಯಲ್ಲಿ ಬರುವುದು ಒಳಕೋಣೆಗೆ ಬರುವುದಿಲ್ಲ. ಕೆಲವು ರೂಟರುಗಳಲ್ಲಿ ಎರಡು ಹೆಸರು ಕಾಣುತ್ತವೆ. 5 ಗಿಗಾಹರ್ಟ್ಸ್‌ನದು ವೇಗ ಹೆಚ್ಚು, ದೂರ ಕಡಿಮೆ. 2.4ರದು ಗೋಡೆ ದಾಟುವುದರಲ್ಲಿ ಮೇಲು. ಹಳೆಯ ಲ್ಯಾಪ್‌ಟಾಪಿಗೆ 5ರದು ಕಾಣದೇ ಇರಬಹುದು. ಮೈಕ್ರೋವೇವ್ ಒಲೆ ನಡೆಯುವುದೂ 2.4ರ ಸುಮಾರಿಗೇ. ಅದರ ಪಕ್ಕ ರೂಟರ್ ಬೇಡ. ಫ್ರಿಜ್ಜಿನ ಹಿಂದೆ, ಕಬ್ಬಿಣದ ಟ್ರಂಕಿನ ಮಗ್ಗುಲಲ್ಲಿ, ನೆಲದ ಮೇಲೆ ಇಡುವುದೂ ಬೇಡ. ಮನೆಯ ನಡುಭಾಗದಲ್ಲಿ, ಎತ್ತರದ ಹಲಗೆಯ ಮೇಲಿಡಿ.

ಅಂಗಡಿಗೆ ಯಾವಾಗ?

ಫೋನಿನ ಹಾಟ್‌ಸ್ಪಾಟ್ ಹಚ್ಚಿ ಲ್ಯಾಪ್‌ಟಾಪ್ ಕೂಡಿಸಿ ನೋಡಿ. ಕೂಡಿದರೆ ಕಾರ್ಡ್ ಚೆನ್ನಾಗಿಯೇ ಇದೆ, ತುರ್ತಿನ ಅರ್ಜಿಯನ್ನೂ ಅದರಲ್ಲೇ ಮುಗಿಸಬಹುದು. ಅದಕ್ಕೂ ಕೂಡದೆ, ಒಂದು ಹೆಸರೂ ಕಾಣದಿದ್ದರೆ ಆಗ ಅಂಗಡಿಗೆ ಹೋಗಿ. ಅಲ್ಲಿಯೂ "ಯುಎಸ್‌ಬಿಗೆ ಸಿಕ್ಕಿಸುವ ವೈಫೈ ಅಡಾಪ್ಟರ್ ಇದೆಯೇ?" ಎಂದು ಮೊದಲು ಕೇಳಿ. ಕೆಲವು ನೂರು ರೂಪಾಯಿಯಲ್ಲಿ, ಲ್ಯಾಪ್‌ಟಾಪ್ ಬಿಚ್ಚದೆಯೇ ಕೆಲಸ ಆಗುತ್ತದೆ.

ಕೊನೆಗೊಂದು ಕಿವಿಮಾತು. ಅಂದು ಅಂಗಡಿಯಲ್ಲಿ "ಕಾರ್ಡ್ ಹೋಗ್ಯದಂತ ಹ್ಯಾಂಗ ಗೊತ್ತಾತ್ರಿ?" ಎಂದು ಕೇಳಲು ನನಗೆ ನಾಚಿಕೆಯಾಗಿತ್ತು. ಕುಕ್ಕರಿನ ರಬ್ಬರು, ಮಿಕ್ಸಿಯ ಬ್ಲೇಡು, ನಲ್ಲಿಯ ವಾಷರು ಎಲ್ಲವನ್ನೂ ಕೇಳಿ ಕೇಳಿಯೇ ಕಲಿತವರು ನಾವು. ಇದನ್ನು ಕೇಳಲು ನಾಚಿಕೆ ಏಕೆ?