ಸರ್ವರ್‌ನ ಚೆಕ್‌ರೋಲ್: ಆಕ್ಸೆಸ್ ಲಾಗ್ ಓದೋದು ಹೇಗೆ?

"ಸರ್ವರ್ ಇಲ್ಲ, ನಾಳೆ ಬನ್ನಿ." ಕಚೇರಿ, ಬ್ಯಾಂಕು, ರೇಷನ್ ಅಂಗಡಿ, ಎಲ್ಲಿ ಹೋದರೂ ಈ ಮಾತು ಕೇಳದವರಿಲ್ಲ. ಕೇಳಿಸಿಕೊಂಡು ಸುಮ್ಮನೆ ವಾಪಸ್ ಬರೋದು ಬೇರೆಯವರ ಪಾಡು. ಎಂಜಿನಿಯರಿಂಗ್ ಓದ್ತಾ ಇರೋ ನಾವು ಅಷ್ಟಕ್ಕೇ ಬಿಡೋ ಹಾಗಿಲ್ಲ. ಸರ್ವರ್ ನಿಜವಾಗಿ "ಇಲ್ಲ"ವಾ? ಇದ್ದೂ ತಪ್ಪು ಉತ್ತರ ಕೊಡ್ತಾ ಇದೆಯಾ? ಅಥವಾ ನಮ್ಮ ಪ್ರಶ್ನೆಯೇ ಅದರ ತನಕ ತಲುಪಲಿಲ್ಲವಾ? ಈ ಮೂರೂ ಬೇರೆ ಬೇರೆ ಕಾಯಿಲೆಗಳು. ಯಾವುದು ಅಂತ ಹೇಳೋ ಮೊದಲ ಸಾಕ್ಷಿ ಆಕ್ಸೆಸ್ ಲಾಗ್.

ಬರೀ ಥಿಯರಿ ಹೇಳಿದರೆ ತಲೆಗೆ ಹತ್ತಲ್ಲ. ಅದಕ್ಕೆ ಒಂದು ಉದಾಹರಣೆ ಹಿಡಿದುಕೊಂಡು ಹೋಗೋಣ. ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಾಫಿ ತೋಟಗಳ ಹೋಬಳಿ. ಅಲ್ಲಿನ ಹತ್ತಿಪ್ಪತ್ತು ತೋಟದವರು ಸೇರಿ ತಮ್ಮ ಮಳೆ ಲೆಕ್ಕಕ್ಕೆ ಒಂದು ಪುಟ್ಟ ವೆಬ್‌ಸೈಟ್ ಮಾಡಿಸಿಕೊಂಡಿದ್ದಾರೆ ಅಂತ ಇಟ್ಟುಕೊಳ್ಳೋಣ. ಬೆಳಿಗ್ಗೆ ಮಳೆ ಮಾಪಕ ನೋಡೋದು, ಮೊಬೈಲಿನಲ್ಲಿ ಅಂಕಿ ಒತ್ತೋದು, ಎಲ್ಲರ ಲೆಕ್ಕ ಒಂದೇ ಪುಟದಲ್ಲಿ. ಇಷ್ಟೇ ಸೈಟ್.

ಒಂದು ಅಂಕಿಯಲ್ಲಿ ಏನಿದೆ?

ಮಲೆನಾಡಿನ ತೋಟಗಳಲ್ಲಿ ಮಳೆ ಅಳೆಯೋದು ಇಂಚು ಮತ್ತು ಸೆಂಟಿನಲ್ಲಿ. 100 ಸೆಂಟ್ ಅಂದ್ರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಳೆ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಇವೆ. ಆದರೂ ಗುಡ್ಡದ ಈ ಕಡೆ ಸುರಿದ ಮಳೆ ಆ ಕಡೆ ಸುರಿಯಲ್ಲ. ಅದಕ್ಕೇ ತೋಟದವರು ತಮ್ಮದೇ ಮಾಪಕ, ತಮ್ಮದೇ ಪುಸ್ತಕ ಇಟ್ಟುಕೊಳ್ತಾರೆ.

ಬೇಸಿಗೆಯ ಹೂಮಳೆ ಹೊತ್ತಿನಲ್ಲಂತೂ ಈ ಅಂಕಿಗೆ ಬಹಳ ಬೆಲೆ. ಸುಮಾರು ಒಂದು ಇಂಚು ಮಳೆ ಬಿದ್ದರೆ ವಾರ–ಹತ್ತು ದಿನದಲ್ಲಿ ಕಾಫಿ ಗಿಡ ಬೆಳ್ಳಗೆ ಅರಳುತ್ತೆ. ಅರ್ಧ ಇಂಚಿಗೇ ನಿಂತು ಹೋದರೆ ಮೊಗ್ಗು ಸರಿಯಾಗಿ ಬಿಚ್ಚಲ್ಲ. ರೋಬಸ್ಟಾ ತೋಟದವರು ಸ್ಪ್ರಿಂಕ್ಲರ್ ಹಾಕಿ ಕೊರತೆ ತುಂಬಿಸಬೇಕಾಗುತ್ತೆ. ಈಗ ಯೋಚನೆ ಮಾಡಿ: ಬಿದ್ದಿರೋದು 50 ಸೆಂಟ್, ಸೈಟ್ ತೋರಿಸ್ತಿರೋದು 1 ಇಂಚು. ಪುಟ ನಂಬಿ ಪಂಪು ಆನ್ ಮಾಡದೆ ಕೂತವರ ಒಂದು ವರ್ಷದ ಫಸಲಿಗೇ ಪೆಟ್ಟು. ಸರ್ವರ್ ಬಿದ್ದು ಹೋಗಿದ್ದರೆ ಯಾರೂ ಅದನ್ನು ನಂಬ್ತಾ ಇರಲಿಲ್ಲ. ನಿಂತುಕೊಂಡೇ ಸುಳ್ಳು ಹೇಳೋ ಸರ್ವರ್ ಹೆಚ್ಚು ಅಪಾಯ.

ರೈಟರ್ ಬರೆದ ಸಾಲು

ಎಸ್ಟೇಟಿನಲ್ಲಿ ರೈಟರ್ ಇರ್ತಾರೆ, ಅವರ ಕೈಯಲ್ಲಿ ಚೆಕ್‌ರೋಲ್. ಯಾರು ಬಂದರು, ಯಾವ ಕೆಲಸಕ್ಕೆ ಹೋದರು, ಅರ್ಧ ದಿನವೋ ಪೂರ್ತಿ ದಿನವೋ, ಎಲ್ಲಾ ಅದರಲ್ಲಿ. ಆಕ್ಸೆಸ್ ಲಾಗ್ ಕೂಡ ಹಾಗೇ. ಬಂದ ಪ್ರತಿ ಕೋರಿಕೆಗೆ ಒಂದು ಸಾಲು. 1990ರ ದಶಕದಲ್ಲಿ ಅಮೆರಿಕದ ಎನ್‌ಸಿಎಸ್‌ಎ ಸಂಸ್ಥೆಯ ವೆಬ್ ಸರ್ವರ್ ಈ ಸಾಲಿಗೆ ಒಂದು ರೂಪ ಕೊಟ್ಟಿತು. ಅಪಾಚೆ (1995), ಎಂಜಿನ್‌ಎಕ್ಸ್ (2004) ಎರಡೂ ಇವತ್ತಿಗೂ ಹೆಚ್ಚುಕಮ್ಮಿ ಅದೇ ರೂಪದಲ್ಲಿ ಬರೀತವೆ. ನಿಜವಾದ ಲಾಗ್ ಇಂಗ್ಲಿಷ್ ಅಕ್ಷರದಲ್ಲಿರುತ್ತೆ. ಇಲ್ಲಿ ಕನ್ನಡದಲ್ಲಿ ಬರೆದು ತೋರಿಸ್ತೀವಿ:

203.0.113.25 - - [14/ಮಾರ್ಚ್/2025:03:01:40 +0000] "ಪೋಸ್ಟ್ /ಮಳೆ ಎಚ್‌ಟಿಟಿಪಿ/1.1" 499 0 "-" "ಆಂಡ್ರಾಯ್ಡ್ ಕ್ರೋಮ್"

ಎಡದಿಂದ ಓದಿ. ಮೊದಲು ಐಪಿ ವಿಳಾಸ. ಆಮೇಲಿನ ಎರಡು ಗೆರೆ ಬಳಕೆದಾರರ ಗುರುತಿನ ಜಾಗ, ಸಾಮಾನ್ಯವಾಗಿ ಖಾಲಿ. ನಂತರ ಸಮಯ, ಏನು ಕೇಳಿದರು, ಸ್ಟೇಟಸ್ ಕೋಡ್, ಎಷ್ಟು ಬೈಟ್ ಕಳಿಸಿತು, ಯಾವ ಪುಟದಿಂದ ಬಂದರು, ಯಾವ ಬ್ರೌಸರ್. "ಯಾವ ಪುಟದಿಂದ" ಅನ್ನೋ ಖಾನೆಯ ಹೆಸರು ರೆಫರರ್. ಎಚ್‌ಟಿಟಿಪಿ ನಿಯಮ ಬರೆದವರು ಅದರ ಸ್ಪೆಲಿಂಗ್‌ನಲ್ಲಿ ಒಂದು 'ಆರ್' ಬಿಟ್ಟರು, ಆ ತಪ್ಪೇ ಜಗತ್ತಿಗೆಲ್ಲ ನಿಯಮ ಆಯ್ತು. ಕೋಡ್ ಬರೆಯುವಾಗ ಸರಿಯಾದ ಸ್ಪೆಲಿಂಗ್ ಹಾಕಿದರೆ ಕೆಲಸ ಮಾಡಲ್ಲ, ನೆನಪಿರಲಿ!

ಐಪಿ ನೋಡಿದ ತಕ್ಷಣ "ಇದು ಇಂಥವರೇ" ಅಂತ ತೀರ್ಮಾನಕ್ಕೆ ಬರಬೇಡಿ. ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಎಷ್ಟೋ ಜನರಿಗೆ ಹಂಚಿರುತ್ತವೆ. ನಿಮ್ಮ ಸರ್ವರ್ ಮುಂದೆ ಇನ್ನೊಂದು ಪ್ರಾಕ್ಸಿ ಇದ್ದರೆ, ಪ್ರತಿ ಸಾಲಿನಲ್ಲೂ ಆ ಪ್ರಾಕ್ಸಿಯ ಐಪಿಯೇ ಕಾಣಿಸಬಹುದು.

ಗಡಿಯಾರ ಮೊದಲು ಸರಿ ಮಾಡಿಕೊಳ್ಳಿ

ಮೇಲಿನ ಸಾಲಿನಲ್ಲಿ ಸಮಯ ಬೆಳಗಿನ ಜಾವ 03:01. ಆ ಹೊತ್ತಿಗೆ ಯಾವ ಸಾಹುಕಾರರು ಎದ್ದು ಮಳೆ ಅಳೀತಾರೆ? ಯಾರೂ ಇಲ್ಲ. ಕೊನೆಯ +0000 ನೋಡಿ: ಸರ್ವರ್ ಇರೋದು ಯುಟಿಸಿ ಸಮಯದಲ್ಲಿ. ಐದೂವರೆ ಗಂಟೆ ಕೂಡಿಸಿದರೆ ಬೆಳಿಗ್ಗೆ 8:31. ನಮ್ಮ ದೇಶದಲ್ಲಿ ಹವಾಮಾನ ಇಲಾಖೆ ದಿನದ ಮಳೆ ಲೆಕ್ಕ ಹಾಕೋದು ಬೆಳಿಗ್ಗೆ 8:30ಕ್ಕೆ. ಅಲ್ಲಿಗೆ ಲೆಕ್ಕ ತಾಳೆ ಆಯ್ತು.

ಇನ್ನೊಂದು ಸೂಕ್ಷ್ಮ ಇದೆ. ಅಪಾಚೆ ಬರೆಯೋದು ಕೋರಿಕೆ ಬಂದ ಸಮಯ, ಎಂಜಿನ್‌ಎಕ್ಸ್ ಬರೆಯೋದು ಕೆಲಸ ಮುಗಿದು ಸಾಲು ಬರೆದ ಸಮಯ. ನಿಧಾನಕ್ಕೆ ಮುಗಿಯೋ ಕೋರಿಕೆಗಳಲ್ಲಿ ಈ ವ್ಯತ್ಯಾಸದಿಂದ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದೇ ಅದಲುಬದಲಾಗಬಹುದು.

ಕೇಸ್ 1: 50 ಸೆಂಟ್ 1 ಇಂಚು ಆದದ್ದು

ಈಗ ಮುಖ್ಯ ಸಮಸ್ಯೆಗೆ ಬರೋಣ. 499ರ ಸಾಲಿನ ಹದಿನೈದು ಸೆಕೆಂಡ್ ನಂತರ ಅದೇ ಐಪಿ, ಅದೇ ಬ್ರೌಸರ್, ಅದೇ ಪೋಸ್ಟ್, ಈ ಸಲ 200. ಇದರ ಅರ್ಥ ಏನು?

499 ಅನ್ನೋದು ಎಚ್‌ಟಿಟಿಪಿ ನಿಯಮದಲ್ಲಿ ಇಲ್ಲದ ಕೋಡ್, ಎಂಜಿನ್‌ಎಕ್ಸ್ ತನ್ನ ಲಾಗಿಗಾಗಿ ಇಟ್ಟುಕೊಂಡದ್ದು. "ನಾನು ಉತ್ತರ ಕೊಡೋ ಮೊದಲೇ ಕೇಳಿದವರು ಎದ್ದು ಹೋದರು" ಅಂತ ಅದರ ಅರ್ಥ. ತೋಟದಲ್ಲಿ ಸಿಗ್ನಲ್ ಒಂದು ಕಡ್ಡಿ ಬರುತ್ತೆ, ಹೋಗುತ್ತೆ. ಒತ್ತಿದವರು ಕಾದರು, ಪುಟ ತಿರುಗ್ತಾನೇ ಇತ್ತು, ಬೇಸತ್ತು ಇನ್ನೊಂದು ಸಲ ಒತ್ತಿದರು. ಯಾರಾದರೂ ಮಾಡೋದೇ ಅದು. ಆದರೆ ಹಿಂದೆ ಕೂತ ಪ್ರೋಗ್ರಾಂಗೆ ಅವರು ಎದ್ದು ಹೋದದ್ದು ಗೊತ್ತಾಗಬೇಕು ಅಂತೇನಿಲ್ಲ. ಅದು ಮೊದಲ 50 ಸೆಂಟನ್ನೂ ಡೇಟಾಬೇಸಿಗೆ ಹಾಕಿತು, ಎರಡನೆಯದನ್ನೂ ಹಾಕಿತು. ಕೂಡಿದಾಗ 1 ಇಂಚು!

ಇದನ್ನು ಖಚಿತ ಮಾಡಿಕೊಳ್ಳೋಕೆ ಲಾಗಿನ ಎರಡು ಸಾಲಿನ ಸಮಯವನ್ನೂ ಡೇಟಾಬೇಸಿನ ಎರಡು ದಾಖಲೆಯ ಸಮಯವನ್ನೂ ಪಕ್ಕ ಪಕ್ಕ ಇಡಿ. ಎರಡೂ ಕೂಡಿದರೆ ಕೇಸ್ ಮುಗೀತು. ಆದರೆ ಬರೀ 499 ಹುಡುಕಿದರೆ ಸಾಲದು. ಸಿಗ್ನಲ್ ಪೂರ್ತಿ ಸತ್ತಾಗ ಆ ಸುದ್ದಿ ಸರ್ವರಿಗೆ ತಲುಪದೆ, ಅದು ಆರಾಮಾಗಿ 200 ಅಂತಲೇ ಬರೆದಿರುತ್ತೆ. 200 ಅಂದ್ರೆ "ನಾನು ಕಳಿಸಿದೆ" ಅಂತ ಅಷ್ಟೇ, "ಅವರಿಗೆ ಸಿಕ್ಕಿತು" ಅಂತ ಅಲ್ಲ. ಹಾಗಾಗಿ ಹುಡುಕಬೇಕಾದ್ದು ಹತ್ತಿರ ಹತ್ತಿರ ಬಂದ ಜೋಡಿ ಪೋಸ್ಟ್‌ಗಳನ್ನು.

ಪರಿಹಾರ "ದಯವಿಟ್ಟು ಎರಡು ಸಲ ಒತ್ತಬೇಡಿ" ಅಂತ ಬೋರ್ಡ್ ಹಾಕೋದಲ್ಲ. ಒಂದು ತೋಟ, ಒಂದು ದಿನ, ಒಂದೇ ದಾಖಲೆ ಅಂತ ಡೇಟಾಬೇಸಿನಲ್ಲೇ ಕಟ್ಟು ಹಾಕಬೇಕು; ಎರಡನೇ ಸಲ ಬಂದರೆ ಹಳೆಯದರ ಮೇಲೆ ಬರೆಯಬೇಕು, ಕೂಡಿಸಬಾರದು. ಎಷ್ಟು ಸಲ ಮಾಡಿದರೂ ಫಲ ಒಂದೇ ಇರೋ ಈ ಗುಣಕ್ಕೆ ಐಡೆಂಪೊಟೆನ್ಸಿ ಅಂತಾರೆ. ಎಚ್‌ಟಿಟಿಪಿಯ 'ಪುಟ್' ವಿಧಾನಕ್ಕೆ ಈ ಗುಣ ಇರಬೇಕು ಅಂತ ನಿಯಮವೇ ಹೇಳುತ್ತೆ, 'ಪೋಸ್ಟ್'ಗೆ ಹಾಗಿಲ್ಲ. ಲಿಫ್ಟಿನ ಬಟನ್ ಹತ್ತು ಸಲ ಒತ್ತಿದರೂ ಲಿಫ್ಟ್ ಒಂದೇ ಸಲ ಬರುತ್ತಲ್ಲ, ಹಾಗೆ.

ಕೇಸ್ 2: ಊರು ಇದೆ, 404 ಅನ್ನುತ್ತೆ

ಸೈಟಿನಲ್ಲಿ 'ಅರೇಹಳ್ಳಿ' ಅಂತಲೇ ಕನ್ನಡ ಹೆಸರಿನ ಪುಟ ಇದೆ. ಫೋಲ್ಡರಿನಲ್ಲಿ ಫೈಲ್ ಕಣ್ಣಿಗೆ ಕಾಣ್ತಿದೆ. ಆದರೂ ಸರ್ವರ್ 404, ಸಿಗಲಿಲ್ಲ ಅಂತಿದೆ. ಏನಿದು ಮಾಟ?

ಲಾಗಿನಲ್ಲಿ ಕನ್ನಡ ಅಕ್ಷರ ಕಾಣಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಪ್ರತಿ ಬೈಟ್ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರವಾಗುತ್ತೆ. 'ಅ' ಅಂದ್ರೆ %ಇ0%ಬಿ2%85. ಅರೇಹಳ್ಳಿಯಲ್ಲಿ ಅ, ರ, ಏತ್ವ, ಹ, ಳ, ಹಲಂತ, ಳ, ಗುಡಿಸು ಸೇರಿ ಎಂಟು ಸಂಕೇತ, 24 ಬೈಟ್, ಲಾಗಿನಲ್ಲಿ 72 ಅಕ್ಷರ.

ಗಂಟಿರೋದು 'ರೇ'ಯ ಏತ್ವದಲ್ಲಿ. ಯೂನಿಕೋಡಿನಲ್ಲಿ ಅದನ್ನು ಎರಡು ರೀತಿ ಬರೆಯಬಹುದು: ಒಂದೇ ಸಂಕೇತವಾಗಿ (%ಇ0%ಬಿ3%87), ಅಥವಾ ಎತ್ವ ಮತ್ತು ದೀರ್ಘ ಚಿಹ್ನೆ ಎರಡನ್ನು ಜೋಡಿಸಿ (%ಇ0%ಬಿ3%86%ಇ0%ಬಿ3%95). ಕಣ್ಣಿಗೆ ಎರಡೂ ಒಂದೇ, ಸರ್ವರಿಗೆ ಬೇರೆ ಬೇರೆ ಹೆಸರು. ಎರಡನೇ ರೀತಿಯಲ್ಲಿ ಅರೇಹಳ್ಳಿಗೆ ಲಾಗಿನಲ್ಲಿ 81 ಅಕ್ಷರ. ಆಪಲ್ ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡ್ತಿತ್ತು. ಅಲ್ಲಿಂದ ಲಿನಕ್ಸ್ ಸರ್ವರಿಗೆ ಫೈಲ್ ಏರಿಸಿದರೆ ಈ ಪಜೀತಿ. ಇದರ ಜೊತೆಗೆ 'ಅರೆಹಳ್ಳಿ' ಅಂತ ಹ್ರಸ್ವ ಬರೆಯೋರೂ ಇದ್ದಾರೆ, ಅದು ಮೂರನೇ ಹೆಸರು. 404 ಸಾಲಿನ ಬೈಟುಗಳನ್ನು ಫೈಲ್ ಹೆಸರಿನ ಬೈಟುಗಳ ಜೊತೆ ಹೋಲಿಸಿದರೆ ಐದು ನಿಮಿಷದಲ್ಲಿ ಗುಟ್ಟು ರಟ್ಟು. ಹೆಸರುಗಳನ್ನೆಲ್ಲ ಎನ್‌ಎಫ್‌ಸಿ ಅನ್ನೋ ಒಂದೇ ರೂಪಕ್ಕೆ ತಂದರೆ ಬಿಡಿಸಿ ಬರೆದ ಏತ್ವದ ತೊಂದರೆ ಹೋಗುತ್ತೆ. ಹ್ರಸ್ವಕ್ಕೆ ಮಾತ್ರ ಬೇರೆಯಾಗಿ ರೀಡೈರೆಕ್ಟ್ ಕೊಡಬೇಕು.

ಕನ್ನಡದಲ್ಲಿ ಸೈಟ್ ಕಟ್ಟೋರಿಗೆ ಈ ತೊಂದರೆ ಇಂಗ್ಲಿಷಿನ ಟ್ಯುಟೋರಿಯಲ್‌ಗಳಲ್ಲಿ ಸಿಗೋದು ಅಪರೂಪ. ನಾವೇ ಬಿಡಿಸಿಕೊಳ್ಳಬೇಕು.

ಕೇಸ್ 3: ನಿನ್ನೆಯ ಮಳೆಯೇ ಇವತ್ತೂ

ಪುಟ ತೆರೆದರೆ ನಿನ್ನೆಯ ಅಂಕಿ. ಆ ಹೊತ್ತಿನ ಲಾಗ್ ನೋಡಿ. 304 ಇದ್ದರೆ, "ನಿನ್ನ ಹತ್ತಿರ ಇರೋದೇ ಸಾಕು, ಏನೂ ಬದಲಾಗಿಲ್ಲ" ಅಂತ ಸರ್ವರೇ ಹೇಳಿದೆ. ಹೊಸ ಅಂಕಿ ಬಂದ ಮೇಲೂ ಹಾಗೆ ಹೇಳ್ತಿದ್ದರೆ ತಪ್ಪು ಸರ್ವರ್ ಕಡೆ. 200 ಇದ್ದೂ ಬೈಟ್ ಸಂಖ್ಯೆ ದಿನವೂ ಬರೋ 14,000ದ ಬದಲು 300 ಇದ್ದರೆ, ಪ್ರೋಗ್ರಾಂ ದೋಷದ ಸಂದೇಶವನ್ನೇ 200 ಅಂಗಿ ತೊಡಿಸಿ ಕಳಿಸಿದೆ. ಸ್ಟೇಟಸ್ ನೋಡಿ ಸಮಾಧಾನ ಪಟ್ಟುಕೊಳ್ಳೋರಿಗೆ ಇದು ಗೊತ್ತೇ ಆಗಲ್ಲ.

ಸಾಲೇ ಇಲ್ಲದಿದ್ದರೆ? ಅದೂ ಸಾಕ್ಷಿಯೇ. ಚೆಕ್‌ರೋಲಿನಲ್ಲಿ ಹೆಸರಿಲ್ಲ ಅಂದ್ರೆ ಆಳು ತೋಟಕ್ಕೇ ಬಂದಿಲ್ಲ. ಕೋರಿಕೆ ಸರ್ವರ್ ಮುಟ್ಟಿಲ್ಲ. ಬ್ರೌಸರಿನ ಕ್ಯಾಶ್, ಮಧ್ಯದ ಸಿಡಿಎನ್, ಡಿಎನ್‌ಎಸ್, ನೆಟ್‌ವರ್ಕ್, ಇವುಗಳಲ್ಲಿ ಒಂದು ಕಡೆ ಹುಡುಕಿ. ಕೋಡ್ ಬಿಚ್ಚಿ ಕೂತರೆ ರಾತ್ರಿಯೆಲ್ಲ ಜಾಗರಣೆ ಅಷ್ಟೇ.

ಹುಡುಕುವ ಕ್ರಮ

ಮೊದಲು ಲಾಗ್ ಕಾಪಿ ಮಾಡಿಟ್ಟುಕೊಳ್ಳಿ. ಉಬುಂಟುವಿನಲ್ಲಿ ಎಂಜಿನ್‌ಎಕ್ಸ್ ಲಾಗ್ ಸಾಮಾನ್ಯವಾಗಿ 14 ದಿನದ್ದು ಮಾತ್ರ ಉಳಿಯುತ್ತೆ, ಹಳೆಯದು ತಾನಾಗಿ ಅಳಿಸಿ ಹೋಗುತ್ತೆ.

ಆಮೇಲೆ ಎಣಿಸಿ, ಓದಬೇಡಿ. ಸಾಲನ್ನು ಖಾಲಿ ಜಾಗದಲ್ಲಿ ಒಡೆದರೆ 7ನೇ ತುಂಡು ವಿಳಾಸ, 9ನೆಯದು ಸ್ಟೇಟಸ್. ಆಕ್, ಸಾರ್ಟ್, ಯೂನಿಕ್ ಈ ಮೂರು ಲಿನಕ್ಸ್ ಆಜ್ಞೆ ಸೇರಿಸಿದರೆ ಯಾವ ಕೋಡ್ ಎಷ್ಟು ಸಲ ಅಂತ ಒಂದೇ ಸಾಲಿನಲ್ಲಿ ಬರುತ್ತೆ. ಆಮೇಲೆ ಆ ಕೋಡ್ ಯಾವ ಪುಟಕ್ಕೆ, ಯಾವ ಹೊತ್ತಿಗೆ ಅಂತ ಕಿರಿದು ಮಾಡುತ್ತಾ ಹೋಗಿ.

ಯಾರೂ ಕೇಳದ ವರ್ಡ್‌ಪ್ರೆಸ್ ಲಾಗಿನ್ ಪುಟಕ್ಕೆ ಸಾಲುಸಾಲು 404 ಕಂಡರೆ ಗಾಬರಿ ಬೇಡ. ಇಂಟರ್ನೆಟ್ಟಿನಲ್ಲಿರೋ ಎಲ್ಲ ಸರ್ವರಿನ ಬಾಗಿಲನ್ನೂ ಬಾಟ್‌ಗಳು ತಟ್ಟುತ್ತಲೇ ಇರುತ್ತವೆ. ಅಂಥ ಸಾಲಿಗೆ 200 ಬಂದಿದ್ದರೆ ಮಾತ್ರ ಎದ್ದು ಕೂತುಕೊಳ್ಳಿ.

502 ಅಂದ್ರೆ ಹಿಂದಿನ ಪ್ರೋಗ್ರಾಂ ಬಿದ್ದಿದೆ ಅಥವಾ ಅರ್ಥವಾಗದ ಉತ್ತರ ಕೊಟ್ಟಿದೆ. 504 ಅಂದ್ರೆ ಬದುಕಿದೆ, ಆದರೆ ಕಾದು ಸಾಕಾಯ್ತು. ಎಂಜಿನ್‌ಎಕ್ಸ್ ಸೆಟ್ಟಿಂಗ್ ಬದಲಿಸದಿದ್ದರೆ 60 ಸೆಕೆಂಡ್ ಕಾಯುತ್ತೆ. ಇಂಥವು ಕಂಡಾಗ ಪಕ್ಕದ ಎರರ್ ಲಾಗ್ ತೆರೆಯಿರಿ. ಏನಾಯ್ತು ಅಂತ ಹೇಳೋದು ಆಕ್ಸೆಸ್ ಲಾಗ್, ಯಾಕಾಯ್ತು ಅಂತ ಹೇಳೋದು ಎರರ್ ಲಾಗ್.

ಕೊನೆಯದಾಗಿ, "ಯಾರಿಗಾದ್ರೂ ಗೊತ್ತಾ?" ಅಂತ ಲಾಗನ್ನು ಇದ್ದ ಹಾಗೇ ವಾಟ್ಸಾಪ್ ಗ್ರೂಪಿಗೆ ಎಸೆಯಬೇಡಿ. ಅದರಲ್ಲಿ ಜನರ ಐಪಿ ಇರುತ್ತೆ. ಫಾರಂ 'ಗೆಟ್' ವಿಧಾನದಲ್ಲಿದ್ದರೆ ಹೆಸರು, ಫೋನ್ ನಂಬರ್ ಕೂಡ ವಿಳಾಸದ ಜೊತೆಗೇ ಅಚ್ಚಾಗಿರುತ್ತೆ. ಬೇಕಾದ ನಾಲ್ಕು ಸಾಲು ತೆಗೆದು, ಗುರುತು ಅಳಿಸಿ, ಆಮೇಲೆ ಕೇಳಿ.

ಮುಂದಿನ ಪ್ರಾಜೆಕ್ಟಿಗೆ ಸರ್ವರ್ ನಿಲ್ಲಿಸಿದ ದಿನವೇ, ಏನೂ ಕೆಡದೆ ಇರುವಾಗಲೇ, ಅದರ ಲಾಗ್ ಒಂದು ಹತ್ತು ನಿಮಿಷ ಓದಿ. ಆರೋಗ್ಯವಾಗಿದ್ದಾಗ ನಾಡಿ ಹೇಗಿರುತ್ತೆ ಅಂತ ಗೊತ್ತಿದ್ದರೇ ತಾನೆ ಜ್ವರ ಬಂದದ್ದು ತಿಳಿಯೋದು?