ಕಾರು ಹೆಚ್ಚು ಪೆಟ್ರೋಲು ಕುಡಿದಾಗ

ಲೀಟರಿಗೆ 16 ಕಿಲೋಮೀಟರ್ ಓಡುತ್ತಿದ್ದ ಕಾರು ಒಂದೆರಡು ವಾರಗಳಲ್ಲಿ 12ಕ್ಕೆ ಇಳಿದರೆ, ಅದನ್ನು ಖರ್ಚಿನ ಪ್ರಶ್ನೆಯೆಂದಷ್ಟೇ ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದು ಒಂದು ರೋಗಲಕ್ಷಣ. ಜ್ವರವೆಂಬುದು ಒಳಗಿನ ರೋಗದ ಸೂಚನೆಯಾಗಿರುವಂತೆ, ಮೈಲೇಜಿನ ಹಠಾತ್ ಕುಸಿತವೂ ಎಲ್ಲಿಯೋ ಶಕ್ತಿ ಪೋಲಾಗುತ್ತಿದೆ ಎಂಬುದರ ಸೂಚನೆ. ಅದು ಎಲ್ಲಿ ಎಂಬುದನ್ನು ಅರಿಯದೆ ಬಿಡಿಭಾಗಗಳನ್ನು ಬದಲಾಯಿಸಹೊರಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಕನ್ನಡ ಮೇಷ್ಟರಿಗೆ ಈ ಯಂತ್ರವಿಚಾರವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಶ್ರೀನಿವಾಸಪುರದ ನನ್ನ ಹಿರಿಯ ಮಿತ್ರರೊಬ್ಬರು ತಮ್ಮ ಪತ್ನಿಯನ್ನು ಡಯಾಲಿಸಿಸ್ ಚಿಕಿತ್ಸೆಗಾಗಿ ವಾರಕ್ಕೆ ಮೂರು ಬಾರಿ ಕೋಲಾರಕ್ಕೆ ಕರೆತರುತ್ತಾರೆ. ಹೋಗಿಬರಲು ಸುಮಾರು 50 ಕಿಲೋಮೀಟರ್. ಅವರ ಹಳೆಯ ಕಾರಿಗೆ ಈ ವ್ಯಾಧಿ ತಗುಲಿತು. ವಾರಕ್ಕೆ 3 ಲೀಟರ್ ಹೆಚ್ಚು ಬೇಕಾಯಿತು. ಪಿಂಚಣಿಯಲ್ಲಿ ಬದುಕುವವರಿಗೆ ತಿಂಗಳಿಗೆ ಸಾವಿರ ರೂಪಾಯಿಗೂ ಮಿಕ್ಕ ಹೊರೆ. ಒಬ್ಬರು ಹೊಸ ಪೆಟ್ರೋಲಿನ ದೋಷವೆಂದರು. ಇನ್ನೊಬ್ಬರು ಇಂಜೆಕ್ಟರುಗಳನ್ನೇ ಬದಲಿಸಬೇಕೆಂದರು. ನಾವಿಬ್ಬರೂ ಅನುಭವಿ ಮೆಕ್ಯಾನಿಕರೊಬ್ಬರ ನೆರವಿನಿಂದ ಕ್ರಮವಾಗಿ ಹುಡುಕಿದೆವು. ಆ ಕ್ರಮವನ್ನೇ ಇಲ್ಲಿ ನಿರೂಪಿಸುತ್ತೇನೆ.

ಮೊದಲನೆಯದಾಗಿ, ಕಾರಿನ ಸುತ್ತ ಪೆಟ್ರೋಲಿನ ವಾಸನೆ ಬರುತ್ತಿದ್ದರೆ ಅದನ್ನು ಓಡಿಸಲೇಬಾರದು. ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ಅಳತೆ ಆರಂಭವಾಗಬೇಕು. ಬಂಕಿನ ನಳಿಕೆ ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ ಮೀಟರಿನ ಅಂಕೆಯನ್ನು ಬರೆದುಕೊಳ್ಳಬೇಕು. 300 ಕಿಲೋಮೀಟರ್ ಓಡಿದ ಬಳಿಕ ಅದೇ ಬಂಕಿನಲ್ಲಿ ಅದೇ ರೀತಿ ತುಂಬಿಸಿ, 25 ಲೀಟರ್ ಹಿಡಿಸಿತೆಂದರೆ ಲೀಟರಿಗೆ 12 ಎಂದರ್ಥ. ಹೋಲಿಕೆಯೂ ಸಮಾನವಾದ ದಾರಿಯಲ್ಲೇ ನಡೆಯಬೇಕು. ಕೋಲಾರದಿಂದ ಮುಳಬಾಗಿಲಿಗೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗಿದ ಲೆಕ್ಕವನ್ನು, ಮಾವಿನ ಸುಗ್ಗಿಯಲ್ಲಿ ಲಾರಿ, ಟ್ರ್ಯಾಕ್ಟರುಗಳ ಹಿಂದೆ ನಿಂತು ನಿಂತು ಶ್ರೀನಿವಾಸಪುರ ತಲುಪಿದ ಲೆಕ್ಕದ ಪಕ್ಕದಲ್ಲಿಟ್ಟು ನೋಡುವುದು ನ್ಯಾಯವಲ್ಲ. ನನ್ನ ಮಿತ್ರರು ಡೈರಿಯಲ್ಲಿ ಲೆಕ್ಕ ಬರೆದಿಡುತ್ತಿದ್ದುದರಿಂದ ದಾರಿ ಒಂದೇ, ಕುಸಿತ ನಿಜ ಎಂಬುದು ತಿಳಿಯಿತು.

ಇನ್ನು ಕಾರಣಗಳ ವಿಚಾರ. ಆಯುರ್ವೇದದಲ್ಲಿ ರೋಗದ ಮೂಲವನ್ನು ಗುರುತಿಸುವುದಕ್ಕೆ 'ನಿದಾನ' ಎನ್ನುತ್ತಾರೆ. ನಮ್ಮ ಆಡುಮಾತಿನ 'ನಿಧಾನ'ಕ್ಕೂ ಅದಕ್ಕೂ ಒಂದು ಮಹಾಪ್ರಾಣದ ವ್ಯತ್ಯಾಸ. ಆದರೆ ಎರಡನೆಯದಿಲ್ಲದೆ ಮೊದಲನೆಯದು ಕೈಗೂಡದು. ಪ್ರತಿಯೊಂದು ಕಾರಣವೂ ಎಷ್ಟು ನಷ್ಟವನ್ನು ಉಂಟುಮಾಡಬಲ್ಲದು ಎಂದು ತೂಗಿ ನೋಡಬೇಕು.

ಪೆಟ್ರೋಲನ್ನೇ ತೆಗೆದುಕೊಳ್ಳೋಣ. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥೆನಾಲಿನ ಪ್ರಮಾಣ ಶೇಕಡಾ 20ನ್ನು ಮುಟ್ಟಿತು. ಎಥೆನಾಲಿನಲ್ಲಿ ಅಷ್ಟೇ ಪ್ರಮಾಣದ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆ ಶಕ್ತಿಯಿದೆ. ಶುದ್ಧ ಪೆಟ್ರೋಲಿಗೆ ರೂಪಿಸಿ ಶೇಕಡಾ 10ರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಈ ಮಿಶ್ರಣದಿಂದ ಮೈಲೇಜು ಶೇಕಡಾ 6ರಿಂದ 7ರಷ್ಟು ತಗ್ಗಬಹುದೆಂದು ನೀತಿ ಆಯೋಗದ 2021ರ ವರದಿಯ ಅಂದಾಜು. ಆ ಲೆಕ್ಕದಲ್ಲಿ 16 ಇದ್ದದ್ದು 15ರ ಆಸುಪಾಸಿಗೆ ಬರಬೇಕು, 12ಕ್ಕಲ್ಲ. ದೂರಿನಲ್ಲಿ ಸತ್ಯಾಂಶವಿದೆ, ಆದರೆ ಪೂರ್ಣ ಸತ್ಯವಿಲ್ಲ.

ಟೈರಿನ ಗಾಳಿಯದೂ ಹೀಗೆಯೇ. ಬೆಳಿಗ್ಗೆ ಟೈರು ತಣ್ಣಗಿರುವಾಗ ಅಳೆಯಬೇಕು. ನಾಲ್ಕೂ ಟೈರುಗಳಲ್ಲಿ 10 ಪೌಂಡ್ ಒತ್ತಡ ಕಡಿಮೆಯಿದ್ದರೂ ನಷ್ಟ ಶೇಕಡಾ 2ರ ಸುಮಾರು. ಗಾಳಿ ತುಂಬಿಸುವುದು ಟೈರಿನ ಆಯುಷ್ಯಕ್ಕೂ ನಮ್ಮ ಆಯುಷ್ಯಕ್ಕೂ ಅಗತ್ಯವೇ. ಆದರೆ ಇಷ್ಟು ದೊಡ್ಡ ಕುಸಿತಕ್ಕೆ ಅದೊಂದೇ ಉತ್ತರವಾಗದು.

ಮಾಲೂರಿನ ಇಟ್ಟಿಗೆ, ಹೆಂಚಿನ ಕಾರ್ಖಾನೆಗಳ ಕಡೆ ಓಡಾಡುವವರು ಏರ್ ಫಿಲ್ಟರಿನಲ್ಲಿ ಕಟ್ಟಿಕೊಂಡ ಕೆಂಪು ಧೂಳನ್ನು ತೋರಿಸಿ ಇದೇ ಕಾರಣವೆನ್ನುವುದುಂಟು. ಕಾರ್ಬುರೇಟರಿದ್ದ ಹಳೆಯ ಅಂಬಾಸಿಡರ್, ಪದ್ಮಿನಿಗಳ ಕಾಲಕ್ಕೆ ಆ ಮಾತು ಸಲ್ಲುತ್ತಿತ್ತು. ಇಂಜೆಕ್ಷನ್ ವ್ಯವಸ್ಥೆಯ ಕಾರುಗಳು ಒಳಬರುವ ಗಾಳಿಗೆ ತಕ್ಕಷ್ಟೇ ಪೆಟ್ರೋಲು ಬಿಡುವುದರಿಂದ, ಫಿಲ್ಟರ್ ಕಟ್ಟಿಕೊಂಡರೆ ಎಳೆಯುವ ಶಕ್ತಿ ಕುಂದೀತು, ಮೈಲೇಜು ಅಷ್ಟಾಗಿ ಕುಂದದು.

ದೊಡ್ಡ ಕುಸಿತಕ್ಕೆ ಮುಖ್ಯವಾಗಿ ಮೂರು ಕಡೆ ನೋಡಬೇಕು. ಎಂಜಿನ್ ಎಷ್ಟು ಓಡಿದರೂ ಶಾಖದ ಮುಳ್ಳು ಕೆಳಗೇ ಉಳಿದರೆ, ಥರ್ಮೋಸ್ಟಾಟ್ ತೆರೆದೇ ನಿಂತಿರಬಹುದು. ಎಂಜಿನ್ ಇನ್ನೂ ತಣ್ಣಗಿದೆಯೆಂದು ಬಗೆದ ಯಂತ್ರ ಹೆಚ್ಚು ಪೆಟ್ರೋಲು ಸುರಿಯುತ್ತದೆ. ಎಂಜಿನ್ ದೀಪ ಹೊತ್ತಿದ್ದರೆ ಸ್ಕ್ಯಾನರ್ ಹಾಕಿಸಬೇಕು. ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಸೆನ್ಸರ್ ಕೆಟ್ಟಿರಬಹುದು. ನಮಗೆ ಇವೆರಡರ ಸುಳಿವೂ ಸಿಗಲಿಲ್ಲ. ಉಳಿದದ್ದು ಬ್ರೇಕು.

ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದೆವು. ಪ್ರತಿ ಚಕ್ರದ ಬಳಿ, ಮುಟ್ಟದೆ, ಅಂಗೈ ಹಿಡಿದು ನೋಡಿದಾಗ ಮುಂದಿನ ಎಡಚಕ್ರ ಮಾತ್ರ ಒಲೆಯಂತೆ ಕಾವು ಸೂಸುತ್ತಿತ್ತು. ಜಾಕ್ ಕೊಟ್ಟು ಎತ್ತಿದರೆ ಅದು ಕೈಗೆ ಸುಲಭವಾಗಿ ತಿರುಗಲೂ ಇಲ್ಲ. ಬ್ರೇಕಿನ ಕ್ಯಾಲಿಪರ್ ಜಾರಬೇಕಾದ ಪಿನ್ನುಗಳಿಗೆ ತುಕ್ಕು ಹಿಡಿದು, ಪೆಡಲಿನಿಂದ ಕಾಲು ತೆಗೆದರೂ ಪ್ಯಾಡು ಡಿಸ್ಕನ್ನು ಬಿಡದೆ ಉಜ್ಜುತ್ತಲೇ ಇತ್ತು. ಮೆಕ್ಯಾನಿಕರು ಪಿನ್ನುಗಳನ್ನು ಶುಚಿಗೊಳಿಸಿ, ಅದಕ್ಕೆಂದೇ ಇರುವ ಗ್ರೀಸ್ ಹಚ್ಚಿ, ಹರಿದ ರಬ್ಬರನ್ನೂ ಸುಟ್ಟ ಪ್ಯಾಡುಗಳನ್ನೂ ಬ್ರೇಕ್ ಎಣ್ಣೆಯನ್ನೂ ಬದಲಿಸಿದರು. ಮುಂದಿನ ಅಳತೆಯಲ್ಲಿ ಲೀಟರಿಗೆ ಹದಿನೈದೂವರೆ ಬಂತು.

ಇಲ್ಲಿ ಉಳಿದದ್ದು ಪೆಟ್ರೋಲು ಮಾತ್ರವಲ್ಲ. ಹಾಗೆ ಕಾದ ಚಕ್ರದ ಶಾಖಕ್ಕೆ ಬ್ರೇಕ್ ಎಣ್ಣೆ ಕುದಿದರೆ, ಅದರಲ್ಲಿ ಆವಿಯ ಗುಳ್ಳೆಗಳೆದ್ದು, ಪೆಡಲ್ ತುಳಿದಾಗ ಕಾಲು ಸುಮ್ಮನೆ ಕೆಳಗಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಚಿಕಿತ್ಸೆ ಮುಗಿಸಿ ಬಳಲಿದ ರೋಗಿ ಹಿಂದಿನ ಸೀಟಿನಲ್ಲಿ ಮಲಗಿರುವಾಗ ಅದು ಸಂಭವಿಸಬಹುದಿತ್ತು. ಆದಕಾರಣ ಮೈಲೇಜು ಒಮ್ಮೆಗೇ ಇಳಿದಾಗ ದರವನ್ನು ಶಪಿಸುವುದಕ್ಕೆ ಮೊದಲು ನಾಲ್ಕು ಚಕ್ರಗಳ ಬಳಿ ಕೈ ಹಿಡಿದು ನೋಡುವುದು ಲೇಸು. ಅದಕ್ಕೆ ಖರ್ಚೇನೂ ಇಲ್ಲ.