ಸ್ಟಿಯರಿಂಗ್ ಹಿಡಿಯಲು ಬೇಸರವೇ?

ಎರಡು ವರ್ಷದ ಹಿಂದಿನ ಮಾತು. ನಲವತ್ತಾರು ವಯಸ್ಸಿನ ಇಂಜಿನಿಯರೊಬ್ಬರು ಎಡಮಂಡಿ ನೋವೆಂದು ನನ್ನ ಕ್ಲಿನಿಕ್ಕಿಗೆ ಬಂದರು. ಜಯನಗರದ ಮನೆಯಿಂದ ವೈಟ್‌ಫೀಲ್ಡಿನ ಕಚೇರಿಗೆ ದಿನವೂ ತಾವೇ ಕಾರು ಓಡಿಸಿಕೊಂಡು ಹೋಗಿಬರುವವರು. ಮಂಡಿಯಲ್ಲಿ ಊತವಿರಲಿಲ್ಲ. ಮೆಟ್ಟಿಲು ಇಳಿಯುವಾಗ, ಕ್ಲಚ್ ತುಳಿಯುವಾಗ ಚಿಪ್ಪಿನ ಸುತ್ತ ನೋವು. ರಕ್ತದೊತ್ತಡ 150/96 ಇತ್ತು. ತೊಡೆಯ ಸ್ನಾಯುಗಳಿಗೆ ಒಂದೆರಡು ವ್ಯಾಯಾಮ ಹೇಳಿಕೊಟ್ಟು, ಮುಲಾಮು ಬರೆದು, ಊಟದಲ್ಲಿ ಉಪ್ಪು ಕಡಿಮೆ ಮಾಡಿ, ಎರಡು ವಾರ ಬಿಟ್ಟು ಬನ್ನಿ, ರಕ್ತದೊತ್ತಡ ಮತ್ತೆ ನೋಡೋಣ ಎಂದೆ. ಹೊರಟವರು ಬಾಗಿಲ ಬಳಿ ನಿಂತು, "ಮಂಡಿ ಹೋಗಲಿ ಡಾಕ್ಟ್ರೇ, ಈಚೆಗೆ ಕಾರು ಅಂದರೇ ಬೇಜಾರು ಬಂದುಬಿಟ್ಟಿದೆ" ಎಂದರು. "ಬೆಂಗಳೂರಲ್ಲಿ ಯಾರಿಗೆ ಬಂದಿಲ್ಲ ಹೇಳಿ?" ಎಂದು ನಾನು ನಕ್ಕೆ. ಅವರೂ ನಕ್ಕು ಹೋದರು.

ನಾನು ನಗಬಾರದಿತ್ತು. ಎರಡು ವಾರಕ್ಕೆ ಬರಬೇಕಾದವರನ್ನು ಮೂರು ತಿಂಗಳ ನಂತರ ಅವರ ಹೆಂಡತಿ ಕರೆತಂದರು. "ಇವರು ಸಿಗ್ನಲ್‌ನಲ್ಲಿ ನಿದ್ದೆ ಹೋಗ್ತಾರೆ ಡಾಕ್ಟ್ರೇ. ಮೊನ್ನೆ ಹಸಿರು ದೀಪ ಬಂದಿದೆ, ಹಿಂದಿನವರು ಹಾರನ್ ಹೊಡೀತಿದಾರೆ, ಇವರ ಗಲ್ಲ ಎದೆ ಮೇಲೆ. ನಾನು ಪಕ್ಕದಲ್ಲಿದ್ದೆ, ಹಿಂದಿನ ಸೀಟಲ್ಲಿ ಮಗಳಿದ್ದಳು" ಎಂದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು: "ಕಾರು ಅಂದ್ರೆ ಇವರಿಗೆ ಪ್ರಾಣ. ಭಾನುವಾರ ಬಂದರೆ ಅದನ್ನು ಒರೆಸೋದೇ ಕೆಲಸ. ವರ್ಷಕ್ಕೆರಡು ಸಲ ಚಾರ್ಮಾಡಿ ಘಾಟಿ ಹತ್ತಿ ಇಳೀದಿದ್ರೆ ಸಮಾಧಾನ ಇಲ್ಲ. ಈಗ ಎಲ್ಲಿಗಾದ್ರೂ ಹೊರಟರೆ ಕೀ ನನ್ನ ಕೈಗೆ ಕೊಡ್ತಾರೆ."

ಈ ಸ್ವಭಾವದವರು ನಿಮ್ಮ ಮನೆಯಲ್ಲೂ ಒಬ್ಬರು ಇರಬಹುದು. ಬೇರೆಯವರಿಗೆ ಕಾರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಸಾಧನ. ಇವರಿಗೆ ಇಂಜಿನ್ನಿನ ಸದ್ದು, ಸರಿಯಾದ ಹೊತ್ತಿಗೆ ಗೇರು ಬದಲಿಸುವುದು, ತಿರುವಿನಲ್ಲಿ ಗಾಡಿ ಹೇಳಿದಂತೆ ಕೇಳುವುದು, ಇವೇ ಸಂತೋಷ. ನಾನೂ ಅದೇ ಗುಂಪಿನವನು. 1998ರಲ್ಲಿ ನಮ್ಮ ತಂದೆಯ ಪ್ರೀಮಿಯರ್ ಪದ್ಮಿನಿಯಲ್ಲಿ ಕಲಿತೆ. ಗೇರಿನ ಹಿಡಿ ಸ್ಟಿಯರಿಂಗ್ ಪಕ್ಕದಲ್ಲೇ ಇದ್ದ ಗಾಡಿ. ಕ್ಲಚ್ ಕಲ್ಲಿನಂತೆ ಗಟ್ಟಿ, ಆದರೂ ಕಾಲು ನೋಯುತ್ತದೆ ಎಂದು ಆಗ ಒಂದು ದಿನವೂ ಅನ್ನಿಸಲಿಲ್ಲ.

ಇಂಥವರಿಗೆ ದಿನನಿತ್ಯದ ಚಾಲನೆ ಬೇಸರವಾದರೆ ನಾವೆಲ್ಲ ತಕ್ಷಣ ದೂರುವುದು ರಸ್ತೆಯನ್ನು. ಅದರಲ್ಲಿ ಬಹುಮಟ್ಟಿಗೆ ನಿಜವೂ ಇದೆ. ಟಾಮ್‌ಟಾಮ್ ಸಂಸ್ಥೆಯ ಲೆಕ್ಕದ ಪ್ರಕಾರ 2022ರಲ್ಲಿ ಬೆಂಗಳೂರಿನ ಮಧ್ಯಭಾಗದಲ್ಲಿ 10 ಕಿಲೋಮೀಟರ್ ದಾಟಲು ಸರಾಸರಿ 29 ನಿಮಿಷ ಬೇಕಿತ್ತು. ಅಂದರೆ ಗಂಟೆಗೆ 20 ಕಿಲೋಮೀಟರ್ ಚಿಲ್ಲರೆ, ಸೈಕಲ್ಲನ್ನು ಜೋರಾಗಿ ತುಳಿದರೆ ಸಿಗುವ ವೇಗ. ಅಷ್ಟಾದರೂ ಒಂದೇ ಸಮನಾಗಿ ಸಿಕ್ಕರೆ ಚಿಂತೆಯಿಲ್ಲ. ಸಿಗುವುದು ಹತ್ತು ಹೆಜ್ಜೆ ಮುಂದೆ, ನಿಲುಗಡೆ, ಮತ್ತೆ ಹತ್ತು ಹೆಜ್ಜೆ. ಒಂದು ಸಂಜೆ ಮನೆಗೆ ಬರುವಾಗ ಎಷ್ಟು ಸಲ ಕ್ಲಚ್ ತುಳಿಯುತ್ತೇನೆಂದು ನಾನೇ ಎಣಿಸಲು ಹೊರಟೆ. ಇನ್ನೂರು ದಾಟಿದ ಮೇಲೆ ಲೆಕ್ಕ ತಪ್ಪಿತು. ಮನೆ ಇನ್ನೂ ಮೂರು ಕಿಲೋಮೀಟರ್ ದೂರವಿತ್ತು.

ಹಂಗೇರಿ ಮೂಲದ ಮನೋವಿಜ್ಞಾನಿ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಒಂದು ಕೆಲಸದಲ್ಲಿ ಮನುಷ್ಯ ಯಾವಾಗ ಮೈಮರೆತು ತಲ್ಲೀನನಾಗುತ್ತಾನೆ ಎಂಬುದನ್ನು ಜೀವಮಾನವಿಡೀ ಅಧ್ಯಯನ ಮಾಡಿದರು. 1990ರಲ್ಲಿ ಬಂದ ಅವರ ಪುಸ್ತಕ ಇದನ್ನು ಸಾಮಾನ್ಯ ಓದುಗರಿಗೂ ತಲುಪಿಸಿತು. ಕೆಲಸ ಕೇಳುವ ಕೌಶಲ, ನಮ್ಮಲ್ಲಿರುವ ಕೌಶಲ ಎರಡೂ ಸಮಸಮವಾಗಿದ್ದಾಗ ಸಂತೋಷ. ಕೆಲಸ ನಮ್ಮ ಶಕ್ತಿ ಮೀರಿದರೆ ಆತಂಕ, ತೀರ ಕಡಿಮೆಯಾದರೆ ಬೇಸರ. ಘಾಟಿಯ ತಿರುವು ಒಳ್ಳೆಯ ಚಾಲಕನಿಗೆ ಈ ಸಮತೂಕ ಕೊಡುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಗುವುದು ಆತಂಕ ಮತ್ತು ಬೇಸರ ಎರಡೂ ಒಟ್ಟಿಗೆ. ಕಾಯುವುದಕ್ಕೆ ಕೌಶಲ ಬೇಡ, ಆದರೆ ಎಡಗಡೆಯಿಂದ ಯಾವ ಬೈಕು ನುಗ್ಗುತ್ತದೋ ಎಂದು ಒಂದು ಕ್ಷಣ ಕಣ್ಣು ತಪ್ಪಿಸುವಂತಿಲ್ಲ. ಬೈಕು ನುಗ್ಗಿದಾಗಲೆಲ್ಲ ದೇಹ ಅಡ್ರಿನಲಿನ್ ಸುರಿಸುತ್ತದೆ, ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಓಡಲು ಅಥವಾ ಹೊಡೆದಾಡಲು ಪ್ರಕೃತಿ ಮಾಡಿಕೊಟ್ಟ ಏರ್ಪಾಡು ಅದು. ನೀವು ಓಡುವುದೂ ಇಲ್ಲ, ಹೊಡೆದಾಡುವುದೂ ಇಲ್ಲ (ಕೆಲವರು ಇಳಿದು ಹೊಡೆದಾಡುತ್ತಾರೆ, ಆ ಮಾತು ಬೇರೆ). ಬಿಗಿ ಹಾಗೇ ಕತ್ತಿನಲ್ಲಿ, ಭುಜದಲ್ಲಿ ಉಳಿಯುತ್ತದೆ. ನಮ್ಮ ದೇಶದ ಪಾಡು ಮಾತ್ರವಲ್ಲ ಇದು. 2004ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು ಅಮೆರಿಕದ ಟೆಕ್ಸಾಸಿನ 909 ಮಂದಿ ಉದ್ಯೋಗಸ್ಥ ಮಹಿಳೆಯರಿಂದ, ಹಿಂದಿನ ದಿನ ಏನೇನು ಮಾಡಿದಿರಿ, ಆಗ ಮನಸ್ಸು ಹೇಗಿತ್ತು ಎಂದು ಬರೆಸಿಕೊಂಡರು. ಸಂತೋಷದ ಪಟ್ಟಿಯಲ್ಲಿ ತೀರ ಕೆಳಗೆ ಬಂದದ್ದು ಬೆಳಗ್ಗೆ ಕೆಲಸಕ್ಕೆ ಹೋಗುವ ಪ್ರಯಾಣ.

ಆದರೆ ಎಲ್ಲವನ್ನೂ ರಸ್ತೆಯ ಲೆಕ್ಕಕ್ಕೆ ಬರೆದುಬಿಟ್ಟರೆ ನಾನು ಮಾಡಿದ ತಪ್ಪನ್ನೇ ನೀವೂ ಮಾಡಿದಂತೆ. ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಖಾಲಿ ರಸ್ತೆ ಸಿಕ್ಕರೆ ಖುಷಿಯಾಗುತ್ತದೆಯೇ? ಭಾನುವಾರ ಬೆಳಗ್ಗೆ ಆರಕ್ಕೆ, ರಸ್ತೆ ಬರಿದಾಗಿರುವಾಗ, ಕೀ ತಿರುಗಿಸಲು ಕೈ ತಾನಾಗಿ ಹೋಗುತ್ತದೆಯೇ? ಹೋಗುತ್ತದೆಂದಾದರೆ ದೋಷ ರಸ್ತೆಯದು. ಆಗಲೂ ಬೇಡವೆನಿಸಿದರೆ ಕಾರಣವನ್ನು ದೇಹದಲ್ಲಿ, ಮನಸ್ಸಿನಲ್ಲಿ ಹುಡುಕಬೇಕು. ನಮ್ಮ ಇಂಜಿನಿಯರಿಗೆ ಭಾನುವಾರವೂ ಬೇಡವಾಗಿತ್ತು. ಬಾಗಿಲ ಬಳಿ ನಿಂತಾಗ ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು.

ಕೇಳಿದ್ದರೆ ಅವರ ಗೊರಕೆಯ ವಿಷಯವೂ ಆಗಲೇ ಹೊರಬರುತ್ತಿತ್ತು. ರಾತ್ರಿ ಗೊರಕೆ ಜೋರು, ನಡುವೆ ಒಮ್ಮೆಗೇ ನಿಶ್ಶಬ್ದ, ಆಮೇಲೆ ಬೆಚ್ಚಿಬಿದ್ದಂತೆ ಉಸಿರೆಳೆದುಕೊಳ್ಳುವುದು. ಬೆಳಗ್ಗೆ ತಲೆಭಾರ. ಇದು ಸ್ಲೀಪ್ ಆಪ್ನಿಯಾ, ನಿದ್ದೆಯಲ್ಲಿ ಗಂಟಲಿನ ದಾರಿ ಕುಸಿದು ಉಸಿರು ಕಟ್ಟುವ ಕಾಯಿಲೆ. ಒಂದೊಂದು ಸಲ ಹತ್ತು ಸೆಕೆಂಡು, ಅದಕ್ಕೂ ಹೆಚ್ಚು. ಗಂಟೆಗೆ ಐದು ಸಲಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯ, ಮೂವತ್ತು ದಾಟಿದರೆ ತೀವ್ರ. ಪ್ರತಿ ಸಲವೂ ಮಿದುಳು ಅರೆಎಚ್ಚರಗೊಂಡು ಉಸಿರನ್ನು ಮತ್ತೆ ಶುರುಮಾಡಬೇಕು. ಎಂಟು ಗಂಟೆ ಮಲಗಿದವನಿಗೆ ನಿದ್ದೆ ಮಾಡಿದ ಫಲವಿಲ್ಲ. ಹೀಗೆ ಬಳಲಿದ ಮಿದುಳಿಗೆ ಮೊದಲು ಬೇಡವಾಗುವುದು ಗಮನ ಬೇಡುವ ಕೆಲಸಗಳು, ಅವು ಎಷ್ಟು ಪ್ರೀತಿಯವಾದರೂ ಸರಿ. ರಕ್ತದೊತ್ತಡ ಏರುವುದಕ್ಕೂ ಇದು ಕಾರಣವಾಗುತ್ತದೆ.

ಆಸ್ಟ್ರೇಲಿಯಾದ ಮೆಲ್ಬರ್ನಿನ ಎಪ್ವರ್ತ್ ಆಸ್ಪತ್ರೆಯ ಡಾ. ಮರ್ರಿ ಜಾನ್ಸ್ 1991ರಲ್ಲಿ ಹಗಲಿನ ತೂಕಡಿಕೆ ಅಳೆಯಲು ಎಂಟು ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಓದುವಾಗ, ಟಿ.ವಿ. ನೋಡುವಾಗ, ಊಟವಾದ ಮೇಲೆ ಸುಮ್ಮನೆ ಕುಳಿತಾಗ, ಹೀಗೆ ಒಂದೊಂದು ಸಂದರ್ಭದಲ್ಲಿ ತೂಕಡಿಕೆ ಬರುವ ಸಂಭವವೆಷ್ಟು ಎಂದು ಸೊನ್ನೆಯಿಂದ ಮೂರರವರೆಗೆ ನೀವೇ ಅಂಕ ಕೊಟ್ಟುಕೊಳ್ಳಬೇಕು. ಒಟ್ಟು 24ರಲ್ಲಿ 10 ದಾಟಿದರೆ ವೈದ್ಯರನ್ನು ಕಾಣಬೇಕು. ಎಂಟನೆಯ ಪ್ರಶ್ನೆ ಏನು ಗೊತ್ತೇ? ಸಂಚಾರದ ನಡುವೆ ಕಾರು ಕೆಲವು ನಿಮಿಷ ನಿಂತಾಗ ತೂಕಡಿಕೆ ಬರುತ್ತದೆಯೇ ಎಂಬುದು. ನಮ್ಮವರು ಅದೊಂದಕ್ಕೇ ಮೂರು ಅಂಕ ಕೊಟ್ಟುಕೊಂಡರು. ಒಟ್ಟು ಹದಿನಾರು ಬಂತು. ಒಂದು ರಾತ್ರಿ ನಿದ್ರಾ ಪರೀಕ್ಷೆ ಮಾಡಿಸಿದಾಗ ಗಂಟೆಗೆ 38 ಸಲ ಉಸಿರು ತಡೆಯುತ್ತಿದ್ದುದು ಕಂಡಿತು. ಅಂದಿನಿಂದ ಚಿಕಿತ್ಸೆ ಹಿಡಿತಕ್ಕೆ ಬರುವವರೆಗೆ ಸ್ಟಿಯರಿಂಗ್ ಮುಟ್ಟಬೇಡಿ ಎಂದೆ. ಬೇರೆಯವರಾಗಿದ್ದರೆ ವಾದ ಮಾಡುತ್ತಿದ್ದರು. ಇವರು ಹಾಯಾಗಿ ಒಪ್ಪಿಕೊಂಡರು, ನನಗೆ ಕಳವಳವಾದದ್ದೇ ಅದಕ್ಕೆ.

ತೂಕಡಿಕೆ ಬಂದಾಗ ಕಿಟಕಿ ಇಳಿಸುವುದು, ರೇಡಿಯೋ ಜೋರು ಮಾಡುವುದು, ಕೆನ್ನೆಗೆ ಹೊಡೆದುಕೊಳ್ಳುವುದು ಇವುಗಳನ್ನು ನಂಬಬೇಡಿ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಹದಿನೈದು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಕಾಫಿ ಕುಡಿದರೂ ಅದರ ಪರಿಣಾಮಕ್ಕೆ ಹೆಚ್ಚುಕಡಿಮೆ ಅರ್ಧ ಗಂಟೆ ಬೇಕು. ನೆಗಡಿಗೆಂದು ಅಂಗಡಿಯಲ್ಲಿ ಕೇಳಿ ತಂದು ನುಂಗುವ ಎಷ್ಟೋ ಮಾತ್ರೆಗಳಲ್ಲಿ ಕ್ಲೋರ್‌ಫೆನಿರಮಿನ್ ಇರುತ್ತದೆ. ಅದು ನಿದ್ದೆ ತರಿಸುವ ಔಷಧ. ಅದನ್ನು ನುಂಗಿ ಕಾರು ಹತ್ತಬಾರದು.

ಇನ್ನು ಮನಸ್ಸಿನ ವಿಷಯ. ಹಿಂದೆ ಸಂತೋಷ ಕೊಡುತ್ತಿದ್ದುದು ಯಾವುದೂ ಈಗ ಸಂತೋಷ ಕೊಡದಿರುವುದು ಖಿನ್ನತೆಯ ಮುಖ್ಯ ಲಕ್ಷಣಗಳಲ್ಲೊಂದು. ಫ್ರಾನ್ಸಿನ ರಿಬೋ ಎಂಬ ವಿದ್ವಾಂಸ 1896ರಲ್ಲೇ ಇದಕ್ಕೆ ಅನ್‌ಹೆಡೋನಿಯಾ ಎಂದು ಹೆಸರಿಟ್ಟ. ಖಿನ್ನತೆಯೆಂದರೆ ಅಳುವುದು ಎಂದೇ ಬಹಳ ಜನ ತಿಳಿದಿದ್ದಾರೆ. ನಮ್ಮ ಗಂಡಸರು ಅಳುವುದು ಅಪರೂಪ. ಅವರು ಕಾರಿನ ಹೊದಿಕೆ ತೆಗೆಯುವುದನ್ನು ಬಿಡುತ್ತಾರೆ, ಕೇರಂ ಆಟಕ್ಕೆ ಹೋಗುವುದನ್ನು ಬಿಡುತ್ತಾರೆ, ಮಾತು ಕಡಿಮೆ ಮಾಡುತ್ತಾರೆ, ಸಣ್ಣದಕ್ಕೆಲ್ಲ ಸಿಡುಕುತ್ತಾರೆ. ಮನೆಯವರು "ವಯಸ್ಸಾಯ್ತು, ಜವಾಬ್ದಾರಿ ಬಂತು" ಎಂದುಕೊಳ್ಳುತ್ತಾರೆ. ಕಳೆದ ಎರಡು ವಾರದಲ್ಲಿ ಬಹುತೇಕ ದಿನ ಯಾವುದರಲ್ಲೂ ಆಸಕ್ತಿ ಇಲ್ಲದೆ ಇದ್ದಿತೇ, ಮನಸ್ಸು ಕುಗ್ಗಿ ಮುಂದೆ ದಾರಿಯೇ ಇಲ್ಲವೆನಿಸಿತೇ, ಈ ಎರಡು ಪ್ರಶ್ನೆಗಳನ್ನು ಪ್ರಪಂಚದ ಎಲ್ಲೆಡೆ ವೈದ್ಯರು ಕೇಳುತ್ತಾರೆ. ಒಂದಕ್ಕಾದರೂ ಹೌದೆನ್ನುವಂತಿದ್ದರೆ ತಡಮಾಡದೆ ವೈದ್ಯರ ಬಳಿ ಹೇಳಿ. ಥೈರಾಯ್ಡ್ ಗ್ರಂಥಿಯ ಕೊರತೆ, ಬಿ-12 ಜೀವಸತ್ವದ ಕೊರತೆ ಇವೂ ಹೀಗೆಯೇ ತೋರಬಹುದು, ಸಾಮಾನ್ಯ ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಖಿನ್ನತೆಗೆ ಒಳ್ಳೆಯ ಚಿಕಿತ್ಸೆಯಿದೆ. ಮಾತ್ರೆಗಳು ಕೆಲಸ ತೋರಿಸಲು ಕೆಲವು ವಾರ ಬೇಕು, ನಡುವೆ ತಾವಾಗಿ ನಿಲ್ಲಿಸಬಾರದು. ಎದುರಿಗೆ ಕುಳಿತು ಹೇಳಲು ಸಂಕೋಚವೆನಿಸಿದರೆ 2022ರಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ನಲವತ್ತು ದಾಟಿದವರಿಗೆ ಕಣ್ಣಿನ ಮಾತೂ ಇದೆ. ಮೊದಲು ರಾತ್ರಿ ಹೆದ್ದಾರಿಯಲ್ಲಿ ಉಲ್ಲಾಸದಿಂದ ಓಡಿಸುತ್ತಿದ್ದವರು ಈಗ ಕತ್ತಲಾಗುವ ಮುಂಚೆ ಊರು ಸೇರಬೇಕೆಂದು ಅವಸರ ಮಾಡುತ್ತಿದ್ದರೆ, ಎದುರಿನ ದೀಪಗಳು ಕಣ್ಣು ಕುಕ್ಕಿ ಬೆಳಕಿನ ಸುತ್ತ ಬಳೆಯಂತೆ ಕಾಣುತ್ತಿದ್ದರೆ, ಪೊರೆ ಕಟ್ಟಲು ಶುರುವಾಗಿದೆಯೇ ಎಂದು ಕಣ್ಣಿನ ವೈದ್ಯರಲ್ಲಿ ತೋರಿಸಿ. ಲೈಸೆನ್ಸ್ ನವೀಕರಣದ ವೈದ್ಯಕೀಯ ಪ್ರಮಾಣಪತ್ರಕ್ಕೆ ನನ್ನಲ್ಲಿಗೆ ಬರುವ ಅನೇಕರು "ಒಂದು ಸಹಿ ಹಾಕಿಬಿಡಿ ಸಾರ್" ಎನ್ನುತ್ತಾರೆ. ಕಣ್ಣು ನೋಡದೆ ಹಾಕುವುದಿಲ್ಲ. ಕೆಲವರು ಮುನಿಸಿಕೊಂಡು ಬೇರೆ ಕಡೆ ಹೋಗುತ್ತಾರೆ, ಹೋಗಲಿ.

ನೋವು ಕೂಡ ಸಂತೋಷವನ್ನು ಸದ್ದಿಲ್ಲದೆ ತಿನ್ನುತ್ತದೆ. ಕ್ಲಚ್ ಪೂರ್ತಿ ತುಳಿದಾಗಲೂ ಮಂಡಿ ಸ್ವಲ್ಪ ಮಡಿಸಿರುವಂತೆ ಸೀಟನ್ನು ಮುಂದಕ್ಕೆಳೆದುಕೊಳ್ಳಿ. ಸೊಂಟದ ಹಿಂದೆ ಆಧಾರವಿರಲಿ. ಹಿಂದಿನ ಜೇಬಿನ ಪರ್ಸನ್ನು ತೆಗೆದಿಡಿ, ದಪ್ಪ ಪರ್ಸಿನ ಮೇಲೆ ಗಂಟೆಗಟ್ಟಲೆ ಕುಳಿತರೆ ಕಾಲಿಗೆ ಹೋಗುವ ನರ ಒತ್ತಿ ಜೋಮು ಹಿಡಿಯುತ್ತದೆ. ದೂರದ ದಾರಿಯಲ್ಲಿ ಗಂಟೆ ಒಂದೂವರೆ ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ.

ದೇಹ, ಮನಸ್ಸು ಎಲ್ಲ ನೋಡಿಯಾಯಿತು, ದೋಷ ರಸ್ತೆಯದೇ ಎಂದು ಖಚಿತವಾಯಿತು. ಆಗ ನಾನು ಕೊಡುವ ಸಲಹೆ ಕಾರುಪ್ರೇಮಿಗಳಿಗೆ ಮೊದಲು ಹಿಡಿಸುವುದಿಲ್ಲ: ವಾರದ ದಿನಗಳಲ್ಲಿ ಕಾರು ಮನೆಯಲ್ಲಿರಲಿ. 2023ರ ಅಕ್ಟೋಬರಿನಿಂದ ನೇರಳೆ ಮಾರ್ಗದ ಮೆಟ್ರೋ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಪೂರ್ತಿ ಓಡುತ್ತಿದೆ. 2025ರ ಆಗಸ್ಟಿನಲ್ಲಿ ಸಿಲ್ಕ್ ಬೋರ್ಡ್ ಮೇಲೆಯೇ ಹಾದು ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಬಂತು. ನಿಲ್ದಾಣಕ್ಕೆ ನಡೆದು ಹೋಗುವುದರಲ್ಲಿ ವ್ಯಾಯಾಮವೂ ಆಗುತ್ತದೆ. ಎಲ್ಲರ ಮನೆ, ಕಚೇರಿ ಮೆಟ್ರೋ ಪಕ್ಕ ಇರುವುದಿಲ್ಲ, ಒಪ್ಪುತ್ತೇನೆ. ವಾರಕ್ಕೆ ಎರಡು ದಿನವಾದರೂ ಬಸ್ಸೋ, ಸಹೋದ್ಯೋಗಿಯ ಕಾರೋ ಆದೀತು. ಇಷ್ಟದ ತಿಂಡಿಯನ್ನು ದಿನಕ್ಕೆ ಮೂರು ಹೊತ್ತು ಬಲವಂತವಾಗಿ ತಿನ್ನಿಸಿದರೆ ಏನಾಗುತ್ತದೋ ಕಾರಿನ ವಿಷಯದಲ್ಲೂ ಆದದ್ದು ಅದೇ. ತಿಂಗಳಿಗೊಮ್ಮೆ ನಸುಕಿನಲ್ಲೆದ್ದು, ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಇಷ್ಟದ ದಾರಿಯಲ್ಲಿ ಹೋಗಿಬನ್ನಿ.

ನಮ್ಮ ಇಂಜಿನಿಯರಿಗೆ ಮಲಗುವಾಗ ಮೂಗಿಗೆ ಹಾಕಿಕೊಳ್ಳುವ ಸಿ-ಪ್ಯಾಪ್ ಯಂತ್ರ ಕೊಡಿಸಿದೆವು. ಅದು ಗಾಳಿಯನ್ನು ಒತ್ತಿ ಗಂಟಲಿನ ದಾರಿ ತೆರೆದಿಡುತ್ತದೆ. ಮೊದಲ ವಾರ ಅದನ್ನು ಕಿತ್ತೆಸೆಯುವುದೊಂದು ಬಾಕಿ. ಮೂರನೆಯ ವಾರ ಬೆಳಗ್ಗೆ ತಾನಾಗಿ ಎಚ್ಚರವಾಯಿತು ಎಂದು ಫೋನು ಮಾಡಿದರು. ಒಂಬತ್ತು ಕಿಲೋ ತೂಕ ಇಳಿಸಿದ್ದಾರೆ. ರಕ್ತದೊತ್ತಡಕ್ಕೆ ಒಂದು ಮಾತ್ರೆ ಇನ್ನೂ ಬೇಕು. ಕಚೇರಿಗೆ ಜಯನಗರದಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಬದಲಿಸಿ ಹೋಗುತ್ತಾರೆ.

ಕಳೆದ ತಿಂಗಳು ರಕ್ತದೊತ್ತಡ ತೋರಿಸಲು ಬಂದಿದ್ದರು. ಹಿಂದಿನ ವಾರ ಚಾರ್ಮಾಡಿಗೆ ಹೋಗಿದ್ದರಂತೆ. ಮಂಡಿ ಮಾತ್ರ ಇಳಿಜಾರಿನಲ್ಲಿ ಈಗಲೂ ಸ್ವಲ್ಪ ನೋಯುತ್ತದೆ ಎಂದರು. "ಹಾಗಾದರೆ ಕ್ಲಚ್ ಇಲ್ಲದ ಆಟೋಮ್ಯಾಟಿಕ್ ಗಾಡಿ ತಗೊಳ್ಳಿ" ಎಂದೆ.

"ಅದನ್ನು ಕಾರು ಅಂತಾರಾ ಡಾಕ್ಟ್ರೇ?" ಎಂದು ಎದ್ದು ಹೊರಟರು.